ರಾವಣನ ಊರಿಗೆ ನಾಲ್ಕು ದಿನ

ಲಂಕೆಗೆ ಹೋಗಿಬಂದವರಲ್ಲಿ ಹನುಮಂತನಷ್ಟು ಅಚ್ಚುಕಟ್ಟಾಗಿ ಪ್ರವಾಸ ಮುಗಿಸಿದವರು ಇನ್ನೊಬ್ಬರಿಲ್ಲ. ಸಾಮಾನು ಎಂದರೆ ಒಂದು ಉಂಗುರ. ನಡುಗಡಲಿನಲ್ಲಿ ಮೈನಾಕ ಪರ್ವತ ಎದ್ದು ಬಂದು, ಸ್ವಲ್ಪ ದಣಿವಾರಿಸಿಕೊಂಡು ಹೋಗಪ್ಪ ಎಂದರೆ, ಕೈಯಿಂದ ಒಮ್ಮೆ ಮುಟ್ಟಿ, ಉಪಚಾರವಾಯಿತು ಎಂದುಕೊಂಡು ಮುಂದಕ್ಕೆ ಹಾರಿದ. ಊರಬಾಗಿಲಲ್ಲಿ ತಡೆದ ಲಂಕಿಣಿಗೆ ಎಡಗೈಯಿಂದ ಒಂದು ಗುದ್ದು ಕೊಟ್ಟು ವೀಸಾ ಮಾಡಿಸಿಕೊಂಡ. ಬೆಕ್ಕಿನಷ್ಟು ಚಿಕ್ಕವನಾಗಿ ರಾತ್ರಿಯೆಲ್ಲ ಒಂದು ಮನೆಯನ್ನೂ ಬಿಡದೆ ನೋಡಿದ. ಕಾಣಬೇಕಾದವರನ್ನು ಕಂಡು, ಆಡಬೇಕಾದ ಮಾತು ಆಡಿ, ಊರಿನವರು ಬಹಳ ಕಾಲ ನೆನಪಿಟ್ಟುಕೊಳ್ಳುವಂಥದ್ದೊಂದನ್ನು ಮಾಡಿ, ಚೂಡಾಮಣಿಯೊಡನೆ ಹಿಂದಿರುಗಿದ. ಇದಕ್ಕೆಲ್ಲ ಅವನ ಬಲ, ಬುದ್ಧಿ, ಬ್ರಹ್ಮಚರ್ಯ ಕಾರಣ ಎಂದು ಹರಿಕಥೆಯವರು ಹೇಳುತ್ತಾರೆ. ಮೂರನೆಯದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅವನು ಸಂಸಾರ ಕಟ್ಟಿಕೊಂಡು ಹೋಗಿರಲಿಲ್ಲ.

ಕೆಟ್ಟ ಯೋಜನೆಗೆ ಉದಾಹರಣೆ ಬೇಕೆಂದರೆ ಆ ಊರಿನ ಒಡೆಯನೇ ಇದ್ದಾನೆ. ಕೈಲಾಸದಿಂದ ಆತ್ಮಲಿಂಗ ಹೊತ್ತು ಲಂಕೆಗೆ ಹೊರಟ ರಾವಣ ನಮ್ಮ ಕರಾವಳಿಗೆ ಬರುವಷ್ಟರಲ್ಲಿ ಸಂಜೆಯಾಯಿತು. ಸಂಧ್ಯಾವಂದನೆ ಬಿಡುವಂತಿಲ್ಲ, ಲಿಂಗವನ್ನು ನೆಲಕ್ಕೆ ಇಡುವಂತಿಲ್ಲ. ದಾರಿಯಲ್ಲಿ ಸಿಕ್ಕ ಯಾರದೋ ಮನೆಯ ಹುಡುಗನ ಕೈಗೆ ಕೊಟ್ಟ. ಮುಂದಿನದಕ್ಕೆ ಗೋಕರ್ಣವೂ ಮುರುಡೇಶ್ವರವೂ ಸಾಕ್ಷಿ. ವಿಷ್ಣು ಚಕ್ರ ಅಡ್ಡ ಹಿಡಿದು ಹೊತ್ತಿಗೆ ಮುಂಚೆ ಕತ್ತಲೆ ಮಾಡಿದ ಎಂಬ ಸಮಜಾಯಿಷಿ ಇದೆ, ಇರಲಿ. ಹತ್ತು ತಲೆ ಇದ್ದವನಿಗೆ ಮುಸ್ಸಂಜೆಗೆ ತಾನು ಎಲ್ಲಿರುತ್ತೇನೆ ಎಂಬುದು ಒಂದರಲ್ಲಾದರೂ ಹೊಳೆಯಬೇಕಿತ್ತು. ಅಥವಾ ಹತ್ತೂ ತಲೆಗಳು ಒಟ್ಟಿಗೆ ಕೂತು ಯೋಜನೆ ಹಾಕಿದ್ದೇ ಎಡವಟ್ಟಾಯಿತೋ ಏನೋ. ನಮ್ಮ ಮನೆಯಲ್ಲಿ ಇರುವುದು ಐದೇ ತಲೆ. ಅಷ್ಟಕ್ಕೇ ಊಟದ ಮೇಜಿನ ಮೇಲೆ ಊಟ ಬಡಿಸಲು ಜಾಗವಿಲ್ಲದಂತೆ ನಕ್ಷೆ, ಪಟ್ಟಿ, ಕ್ಯಾಲೆಂಡರು, ಪಂಚಾಂಗ ಹರಡಿಕೊಂಡಿವೆ.

ದ್ವೀಪಕ್ಕೆ ಹೋಗಬೇಕು ಎಂದದ್ದು ಮಗಳು. ಯಾವ ದ್ವೀಪವಾದರೂ ಸರಿ, ತೆಂಗಿನಮರ ಬಾಗಿರಬೇಕು, ನೀರು ನೀಲಿಯಾಗಿರಬೇಕು. ಅಂಡಮಾನ್ ಎಂದರೆ ಅಮ್ಮನಿಗೆ ಕರಿನೀರಿನ ಶಿಕ್ಷೆಯ ನೆನಪು, ದುಡ್ಡು ಕೊಟ್ಟು ಜೈಲಿಗೆ ಹೋಗುವುದೇ ಎಂದರು. ಮಾಲ್ದೀವ್ಸ್‌ನಲ್ಲಿ ನೀರಿನ ಮೇಲೆ ಕಟ್ಟಿದ ಗುಡಿಸಲಿನ ಒಂದು ರಾತ್ರಿಯ ಬಾಡಿಗೆ ನೋಡಿ ನಾನೇ ಕಂಪ್ಯೂಟರು ಮುಚ್ಚಿದೆ. ಬಾಲಿ ದೂರ. ಉಳಿದದ್ದು ಶ್ರೀಲಂಕಾ. ಮೈಸೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆ, ಅಲ್ಲಿಂದ ಕೊಲಂಬೊಗೆ ಒಂದೂವರೆ ಗಂಟೆ. ಗಡಿಯಾರದ ಮುಳ್ಳನ್ನೂ ಮುಟ್ಟಬೇಕಿಲ್ಲ. 1996ರಲ್ಲಿ ಅವರು ವಿದ್ಯುತ್ ಉಳಿಸಲೆಂದು ಗಡಿಯಾರವನ್ನು ಮುಂದಕ್ಕೆ ತಳ್ಳಿ, ಅದೇ ವರ್ಷ ಅರ್ಧ ಗಂಟೆ ಹಿಂದಕ್ಕೆಳೆದು, ಕೊನೆಗೆ 2006ರಲ್ಲಿ ನಮ್ಮ ಹೊತ್ತಿಗೇ ಮರಳಿದರು. ಹೊರದೇಶಕ್ಕೆ ಹೋದಂತೆಯೂ ಆಯಿತು, ಅಮ್ಮನ ಬಿ.ಪಿ. ಮಾತ್ರೆಯ ವೇಳೆ ತಪ್ಪಲೂ ಇಲ್ಲ.

ಹೋಗುವ ದಾರಿಯ ಬಗ್ಗೆಯೇ ಮೊದಲ ಜಗಳ. ನಾಗಪಟ್ಟಣದಿಂದ ಜಾಫ್ನಾ ಪಕ್ಕದ ಕಂಕೇಶನ್‌ತುರೈಗೆ 2023ರಲ್ಲಿ ಹಡಗು ಶುರುವಾದದ್ದನ್ನು ಮಗ ಎಲ್ಲೋ ಓದಿದ್ದ. ಹಡಗಿನಲ್ಲೇ ಹೋಗೋಣ ಎಂದ. ಒಂದು ಕಾಲದಲ್ಲಿ ಮದರಾಸಿನಲ್ಲಿ ಒಂದೇ ಟಿಕೆಟ್ ಕೊಂಡು, ಧನುಷ್ಕೋಟಿಯವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೊಗೆ ರೈಲು ಎಂದು ಹೋಗಬಹುದಿತ್ತು. ಬೋಟ್ ಮೇಲ್ ಎನ್ನುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೂ ಅದರ ರೈಲುಹಳಿಯನ್ನೂ ಒಂದೇ ರಾತ್ರಿಯಲ್ಲಿ ತೊಳೆದುಬಿಟ್ಟಿತು. ಈಗ ಹಡಗಿನ ದಾರಿ ಹಿಡಿದರೆ ನಮ್ಮ ರಜೆಯೆಲ್ಲ ನಾಗಪಟ್ಟಣದಲ್ಲೇ ಮುಗಿಯುತ್ತದೆ.

ಚೆನ್ನೈ ಮೇಲೆ ಹಾಯ್ದು ಹೋಗುವ ವಿಮಾನ ಸ್ವಲ್ಪ ಅಗ್ಗ. ಅದನ್ನು ನಾನು ಒಪ್ಪಲಿಲ್ಲ. ಇದಕ್ಕೆ ಐತಿಹಾಸಿಕ ಕಾರಣವಿದೆ. 11ನೇ ಶತಮಾನದಲ್ಲಿ ಲಂಕೆಯನ್ನು ಚೋಳರಿಂದ ಬಿಡಿಸಿಕೊಂಡ ದೊರೆ ಮೊದಲನೆಯ ವಿಜಯಬಾಹು ಕರ್ಣಾಟದ ಅರಸನಿಗೆ, ಎಂದರೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿಗೆ, ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ. ದಾರಿ ಚೋಳರ ನಾಡಿನ ಮೇಲೆ. ಅಲ್ಲಿ ಅವರ ಮೂಗು ಕಿವಿ ಕೊಯ್ದು ಕಳಿಸಿದರೆಂದು ಸಿಂಹಳದ ಚರಿತ್ರೆ ಚೂಲವಂಸ ಹೇಳುತ್ತದೆ. ಲಂಕೆಯವರ ಮೂಗಿನ ಮೇಲೆ ಪರರ ಕಣ್ಣು ಶೂರ್ಪನಖಿಯ ಕಾಲದಿಂದಲೂ ಇದೆ ಎನ್ನಿ. ಈಗಿನ ಚೆನ್ನೈಯಲ್ಲಿ ಅಂಥದ್ದೇನೂ ಆಗದು, ಐದು ಗಂಟೆ ಕಾಯಬೇಕು, ಅಷ್ಟೆ. ಆದರೂ ನೇರವಾಗಿ ಹೋಗುವುದೇ ಮೇಲು ಎಂದು ಚಾಲುಕ್ಯರ ಪರವಾಗಿ ತೀರ್ಮಾನ ಮಾಡಿದೆ. ನನ್ನಾಕೆ, “ನೇರ ವಿಮಾನಕ್ಕೆ ಎಷ್ಟು ಜಾಸ್ತಿ?” ಎಂದಷ್ಟೇ ಕೇಳಿದಳು. ಅವಳಿಗೆ ಇತಿಹಾಸದಲ್ಲಿ ಆಸಕ್ತಿ ಕಡಿಮೆ.

ದ್ವೀಪದ ಪ್ರವಾಸಕ್ಕೆ ಯೋಜನೆ ಹಾಕುವವರನ್ನು ಮೊದಲು ಕೆಡಿಸುವುದು ನಕ್ಷೆ. ಸುತ್ತ ನೀಲಿ ನೀರು, ನಡುವೆ ಅಂಗೈಯಗಲದ ಹಸಿರು. ಇಷ್ಟೇ ತಾನೆ, ನಾಲ್ಕು ದಿನದಲ್ಲಿ ಎಲ್ಲ ಮುಗಿಸಬಹುದು ಅನಿಸುತ್ತದೆ. ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರು, ನಮ್ಮ ರಾಜ್ಯದ ಮೂರರಲ್ಲೊಂದು ಪಾಲು. ಬೀದರಿನಿಂದ ಚಾಮರಾಜನಗರದವರೆಗೆ ನಾಲ್ಕು ದಿನದಲ್ಲಿ ತೋರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಗುವ ನಾವು, ಅದರ ಮೂರರಲ್ಲೊಂದನ್ನು ನೋಡಲು ಅಷ್ಟೇ ದಿನ ಸಾಕು ಎಂದು ಹೊರಡುತ್ತೇವೆ. ಅದೂ ಸಪಾಟು ನೆಲವಲ್ಲ. ನಡುವಿನ ಬೆಟ್ಟದ ಸೀಮೆಯನ್ನು ಸೀರೆಯ ನೆರಿಗೆಯ ಹಾಗೆ ಮಡಿಸಿ ಸಿಕ್ಕಿಸಿದ್ದಾರೆ, ಬಿಚ್ಚಿ ಹಾಸಿದರೆ ಎಷ್ಟಾಗುತ್ತದೋ. ಕ್ಯಾಂಡಿಯಿಂದ ನುವರ ಎಲಿಯಕ್ಕೆ ಎಂಬತ್ತು ಕಿಲೋಮೀಟರೂ ಇಲ್ಲ, ಆದರೆ ಕಾರಿನಲ್ಲಿ ಎರಡೂವರೆ ಮೂರು ಗಂಟೆ. ಮೊಬೈಲು ತೋರಿಸುವ ದೂರವನ್ನು ನಂಬಿದರೆ ಆಯಿತು, ಅರ್ಧ ದ್ವೀಪವನ್ನು ಕಿಟಕಿಯಿಂದಲೇ ನೋಡಬೇಕು. ಸಾಲದ್ದಕ್ಕೆ ಭೂಮಧ್ಯರೇಖೆ ಹತ್ತಿರವಾದ್ದರಿಂದ ವರ್ಷದ ಯಾವ ತಿಂಗಳಲ್ಲೂ ಸಂಜೆ ಆರರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ, ಮುಳುಗಿದ ಮೇಲೆ ಬೆಳಕು ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಇಂಥ ಊರನ್ನು ಆಳಿದ ರಾವಣ ಸಂಜೆಯ ವಿಷಯದಲ್ಲಿ ಮೋಸಹೋದನಲ್ಲ ಎಂದು ನನಗೆ ಮತ್ತೆ ಮತ್ತೆ ಆಶ್ಚರ್ಯ.

ಯಾವಾಗ ಹೋಗುವುದು ಎಂಬುದು ಇನ್ನೂ ಕಷ್ಟ. ಆ ದ್ವೀಪಕ್ಕೆ ಎರಡು ಮಳೆಗಾಲ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಾರುತ ನಮ್ಮ ಕರಾವಳಿಗೆ ಸುರಿಯುವಂತೆಯೇ ಕೊಲಂಬೊ, ಗಾಲೆ, ಬೆಟ್ಟದ ಸೀಮೆಗೆ ಸುರಿಯುತ್ತದೆ. ಆಗ ಪೂರ್ವದ ಟ್ರಿಂಕೋಮಲಿ ಕಡೆ ಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ ಮಳೆ ಪೂರ್ವಕ್ಕೆ, ಆಗ ಪಶ್ಚಿಮದಲ್ಲಿ ಬಿಸಿಲು. ಅಂದರೆ ವರ್ಷದ ಹೆಚ್ಚಿನ ದಿನಗಳಲ್ಲಿ ದ್ವೀಪದ ಒಂದಲ್ಲ ಒಂದು ಮಗ್ಗುಲು ಒಣಗಿರುತ್ತದೆ. ಹೆಚ್ಚುಕಡಿಮೆ ಎಲ್ಲ ಕಡೆಯೂ ಗುಡುಗಿ ಸುರಿಯುವುದು ಅಕ್ಟೋಬರ್, ನವೆಂಬರ್. ನಮ್ಮ ಮಕ್ಕಳಿಗೆ ದಸರಾ ರಜೆ ಬರುವುದೂ ಆಗಲೇ. ಏಪ್ರಿಲ್ ನಡುವೆ ಹೋದರೆ ಅವರ ಹೊಸವರ್ಷ. ಸಿಂಹಳರೂ ತಮಿಳರೂ ಊರುಗಳಿಗೆ ಹೋಗಿಬಿಡುತ್ತಾರೆ, ಅಂಗಡಿಗಳಿಗೆ ಬಾಗಿಲು, ನುವರ ಎಲಿಯದಲ್ಲಿ ಜಾತ್ರೆಯ ಜನ. ಹೀಗೆ ತಿಂಗಳುಗಳನ್ನು ಒಂದೊಂದಾಗಿ ಹೊಡೆದುಹಾಕಿ, ಪರೀಕ್ಷೆ ಮುಗಿದ ಮಾರನೆಯ ವಾರ, ಮಾರ್ಚ್ ಕೊನೆಗೆ ಎಂದು ಬಂದು ನಿಂತೆವು. ಅಮ್ಮ ಪಂಚಾಂಗ ತಿರುವಿ, “ಅಷ್ಟೊತ್ಗೆ ರಾಮನವಮಿ ಬರುತ್ತಲ್ಲೋ” ಎಂದರು. ದನಿಯಲ್ಲಿ ಆಕ್ಷೇಪವಿರಲಿಲ್ಲ, ಉತ್ಸಾಹವಿತ್ತು. ರಾವಣನ ಊರಿನಲ್ಲಿ ರಾಮನ ಹುಟ್ಟುಹಬ್ಬಕ್ಕೆ ಪಾನಕ ಹಂಚುವ ಯೋಚನೆ ಅವರಿಗೆ ಆ ಕ್ಷಣವೇ ಬಂದಿರಬೇಕು. ಬೇಲದ ಹಣ್ಣು ಅಲ್ಲಿ ಯಥೇಚ್ಛ ಸಿಗುತ್ತದೆ, ಅದರ ರಸವನ್ನು ಅಂಗಡಿಗಳಲ್ಲೇ ಮಾರುತ್ತಾರೆ ಎಂದು ನಾನು ಬಾಯಿಬಿಟ್ಟ ಮೇಲಂತೂ ಅವರನ್ನು ತಡೆಯುವವರಿಲ್ಲ.

ರಾಮನವಮಿಯಾಗಿ ಐದಾರು ದಿನಕ್ಕೆ ಹುಣ್ಣಿಮೆ. ಅಲ್ಲಿ ಪ್ರತಿ ಹುಣ್ಣಿಮೆಯೂ ಪೋಯ, ದೇಶಕ್ಕೇ ರಜೆ. ಅಂದು ಮದ್ಯ ಮಾರುವಂತಿಲ್ಲ, ಮಾಂಸದಂಗಡಿಯೂ ಮುಚ್ಚಿರುತ್ತದೆ. ನಮ್ಮೊಡನೆ ಬರುವುದೋ ಬೇಡವೋ ಎಂದು ತೂಗುತ್ತಿದ್ದ ಭಾವಮೈದುನ ಈ ಸಂಗತಿ ತಿಳಿದದ್ದೇ ತನಗೆ ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಕೆಲಸವಿದೆ ಎಂದು ಜ್ಞಾಪಿಸಿಕೊಂಡ. ಆರನೆಯ ತಲೆ ಹೀಗೆ ತಾನಾಗಿ ಕಳಚಿತು.

ಮೇಲಿನ ಮನೆಯ ರಾಯರು ಪ್ಯಾಕೇಜಿನಲ್ಲಿ ಹೋಗಿಬಂದವರು. ನಿವೃತ್ತರು, ಅನುಭವಸ್ಥರು, ಕರೆಯದೆಯೂ ಬರುವವರು. ಅವರು ಏನೇನು ನೋಡಿದರೆಂದರೆ ಪಿನ್ನವಲದ ಆನೆಗಳು, ಮಾತಲೆಯ ಮಸಾಲೆ ತೋಟ, ಒಂದು ರತ್ನದ ಅಂಗಡಿ, ಬಾಟಿಕ್ ಕಾರ್ಖಾನೆ, ಟೀ ಕಾರ್ಖಾನೆ, ಮತ್ತೊಂದು ರತ್ನದ ಅಂಗಡಿ. ಕ್ಯಾಂಡಿಯ ಬುದ್ಧನ ದಂತದ ದೇವಾಲಯ ಹೇಗಿತ್ತು ಎಂದರೆ, ಅಲ್ಲಿ ಬಸ್ಸು ನಿಲ್ಲಿಸಲು ಜಾಗ ಸಿಗದೆ ಬಹಳ ತೊಂದರೆಯಾಯಿತು ಎಂದರು. ನಗಬಾರದು. ಅಲ್ಲಿ ಕಾರು ಮಾಡಿಕೊಂಡರೆ ಚಾಲಕನೂ ಜೊತೆಗೇ ಬರುತ್ತಾನೆ, ಮಾರ್ಗದರ್ಶಿಯೂ ಅವನೇ, ಎರಡನೆಯ ದಿನಕ್ಕೆ ಮನೆಯವನೂ ಅವನೇ. ಅಮ್ಮ ಅವನಿಗೆಂದು ಈಗಲೇ ಒಂದು ಡಬ್ಬಿ ಕೋಡುಬಳೆ ಲೆಕ್ಕ ಹಾಕಿದ್ದಾರೆ. ಮನೆಯವನೇ ಆದವನು, ‘ಇದು ನನ್ನ ಪರಿಚಯದವರ ಅಂಗಡಿ, ಸುಮ್ಮನೆ ನೋಡಿ’ ಎಂದು ನಿಲ್ಲಿಸಿದರೆ ಇಳಿಯದೆ ಕೂರುವ ದಾಕ್ಷಿಣ್ಯಹೀನರು ನಮ್ಮಲ್ಲಿ ಯಾರೂ ಇಲ್ಲ. ಆದ್ದರಿಂದ ನನ್ನ ಪಟ್ಟಿಯಲ್ಲಿ ದಿನಕ್ಕೊಂದು ಗಂಟೆಯನ್ನು ದಾಕ್ಷಿಣ್ಯಕ್ಕೆಂದೇ ಬಿಟ್ಟಿದ್ದೇನೆ. ಆನೆಯನ್ನು ನನ್ನಾಕೆ ಹೊಡೆದುಹಾಕಿದಳು. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಹಿಂಡುಹಿಂಡಾಗಿ ನಿಲ್ಲುವ ಆನೆಗಳನ್ನು ಬಿಟ್ಟು ಪಾಸ್‌ಪೋರ್ಟ್ ಹಿಡಿದುಕೊಂಡು ಆನೆ ನೋಡಲು ಹೋಗುವುದು ಮೈಸೂರಿನವರಿಗೆ ಶೋಭಿಸುವುದಿಲ್ಲವಂತೆ. ಸರಿಯಾದ ಮಾತು.

ಈಗ ಒಬ್ಬೊಬ್ಬರ ಲಂಕೆಗೆ ಬರೋಣ. ಅಮ್ಮನ ಲಂಕೆಯಲ್ಲಿ ಇರುವುದು ಅಶೋಕವನ ಮಾತ್ರ. ನುವರ ಎಲಿಯದಿಂದ ಬದುಲ್ಲದ ಕಡೆಗೆ ಹೋಗುವ ರಸ್ತೆಯಲ್ಲಿ ಸೀತಾ ಎಲಿಯ ಎಂಬಲ್ಲಿ ಹಳ್ಳದ ದಂಡೆಗೆ ಸೀತಮ್ಮನ ಗುಡಿಯಿದೆ, ಅಲ್ಲಿಯ ಬಂಡೆಯ ಗುಳಿಗಳನ್ನು ಹನುಮಂತನ ಹೆಜ್ಜೆ ಎನ್ನುತ್ತಾರೆ. ಅಮ್ಮನಿಗೆ ಅದಕ್ಕಿಂತ ಹೆಚ್ಚು ಪುರಾವೆ ಬೇಡ. ನಾನು ಕಂಬಳಿ ಅಂಗಿ ಇಟ್ಟುಕೊಳ್ಳಬೇಕು, ನುವರ ಎಲಿಯ ಆರು ಸಾವಿರ ಅಡಿಗಿಂತ ಎತ್ತರದಲ್ಲಿದೆ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಪ, ಆ ಮಗು ಮರದಡಿ ಚಳೀಲಿ ಹೇಗೆ ಕೂತಿತ್ತೋ” ಎಂದರು. ವಾಲ್ಮೀಕಿಯಿಂದ ಹಿಡಿದು ಎಲ್ಲರೂ ಸೀತೆಯ ವಿರಹವನ್ನು ಬಣ್ಣಿಸಿದರೇ ಹೊರತು ಹೊದಿಕೆಯ ವಿಚಾರ ಎತ್ತಿದವರು ಕಡಿಮೆ.

ಮಗಳ ಲಂಕೆ ಎಂದರೆ ನೀಲಿ ಬಣ್ಣದ ರೈಲು. ಕ್ಯಾಂಡಿಯಿಂದ ಎಲ್ಲಾ ಎಂಬ ಊರಿಗೆ ಆರೇಳು ಗಂಟೆ, ಟೀ ತೋಟಗಳ ನಡುವೆ, ಮೋಡದೊಳಗೆ. ಎಲ್ಲಾ ಊರಿನ ಹತ್ತಿರ, 1921ರಲ್ಲಿ ಮುಗಿದ ಒಂಬತ್ತು ಕಮಾನಿನ ಸೇತುವೆ. ಆ ಸೇತುವೆಯ ಮೇಲೆ ರೈಲು ಬರುವಾಗ ಕೆಳಗಿನ ತೋಟದಲ್ಲಿ ನಿಂತು ಚಿತ್ರ ತೆಗೆಯದಿದ್ದರೆ ಅವಳ ಗೆಳತಿಯರ ದೃಷ್ಟಿಯಲ್ಲಿ ನಾವು ಶ್ರೀಲಂಕಾಗೆ ಹೋಗಿಯೇ ಇಲ್ಲ. ರೈಲಿನೊಳಗೆ ಕೂತಿರುವುದೂ ಹೊರಗೆ ನಿಂತು ಅದರ ಚಿತ್ರ ತೆಗೆಯುವುದೂ ಏಕಕಾಲಕ್ಕೆ ಆಗುವುದಿಲ್ಲವಲ್ಲ ಎಂದೆ. ಹಾಗಾದರೆ ಇನ್ನೊಂದು ರೈಲು ಬರುವವರೆಗೆ ಕಾಯೋಣ ಎಂದಳು. ಕಾಯ್ದಿರಿಸುವ ಸೀಟುಗಳು ಒಂದು ತಿಂಗಳು ಮುಂಚೆ ಬಿಡುಗಡೆಯಾದರೆ ನಿಮಿಷಗಳಲ್ಲಿ ಮಾಯವಾಗುತ್ತವೆ. ಕಾಯ್ದಿರಿಸದ ಬೋಗಿಯಲ್ಲಿ ಬಾಗಿಲಿಗೆ ಜೋತು ಹೋಗುವವರದೇ ಚಿತ್ರಗಳು ಎಲ್ಲೆಡೆ ಕಾಣುವುದು. ಮಳೆಗೆ ಗುಡ್ಡ ಕುಸಿದರೆ ಈ ಹಾದಿ ನಿಂತುಬಿಡುವುದೂ ಉಂಟು, ಹೊರಡುವ ಮುಂಚೆ ವಿಚಾರಿಸಿಕೊಳ್ಳಬೇಕು.

ಈ ರೈಲಿನ ಹಿಂದೆ ನಮಗೆ ಸಂಬಂಧಪಟ್ಟ ದುಃಖವೊಂದಿದೆ. ಅದರ ಹಳಿ ಶುರುವಾದದ್ದು ಟೀಗಾಗಿ ಅಲ್ಲ, ಕಾಫಿಗಾಗಿ. 19ನೇ ಶತಮಾನದ ನಡುವಿನಲ್ಲಿ ಸಿಲೋನ್ ಎಂದರೆ ಕಾಫಿಯ ಸೀಮೆ. ಬೆಟ್ಟದ ಕಾಫಿಯನ್ನು ಬಂದರಿಗೆ ಇಳಿಸಲೆಂದೇ ಹಳಿ ಹಾಕಿ, 1867ರಲ್ಲಿ ಕ್ಯಾಂಡಿ ತಲುಪಿದರು. ಎರಡೇ ವರ್ಷಕ್ಕೆ ಎಲೆಯ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ತುಕ್ಕು ಕಾಣಿಸಿಕೊಂಡಿತು. ಇಪ್ಪತ್ತು ವರ್ಷ ಕಳೆಯುವುದರಲ್ಲಿ ತೋಟಗಳೆಲ್ಲ ಸತ್ತವು. ರೈಲು ಕ್ಯಾಂಡಿಗೆ ಬಂದ ವರ್ಷವೇ ಜೇಮ್ಸ್ ಟೇಲರ್ ಎಂಬ ಸ್ಕಾಟ್‌ಲೆಂಡಿನವನು ಲೂಲ್‌ಕಂದುರ ತೋಟದಲ್ಲಿ ಹತ್ತೊಂಬತ್ತು ಎಕರೆಗೆ ಟೀ ಹಾಕಿದ್ದ. ಉಳಿದವರೂ ಅವನ ದಾರಿ ಹಿಡಿದರು, ತಮಿಳುನಾಡಿನ ಬಡ ಕೂಲಿಗಳನ್ನು ಕರೆತಂದು ಬೆಟ್ಟವನ್ನೆಲ್ಲ ಹಸಿರು ಮಾಡಿದರು. ಎಲೆ ತುಕ್ಕು ಕೊಡಗಿಗೂ ಚಿಕ್ಕಮಗಳೂರಿಗೂ ಬಂದಿತ್ತು, ಆದರೆ ನಮ್ಮವರು ನೆರಳು ಮರ, ಹೊಸ ತಳಿ, ರೊಬಸ್ಟಾ ಎಂದು ಹೇಗೋ ಕಾಫಿಯನ್ನೇ ಹಿಡಿದುಕೊಂಡು ಉಳಿದರು. ನನ್ನಾಕೆ ಚಿಕ್ಕಮಗಳೂರಿನವಳು. ಈ ಕಥೆಯನ್ನು ಯುದ್ಧದಲ್ಲಿ ಗೆದ್ದ ಪಕ್ಷದವಳ ಗಾಂಭೀರ್ಯದಿಂದ ಕೇಳಿ, ಫಿಲ್ಟರನ್ನೂ ಕಾಲು ಕಿಲೋ ಪುಡಿಯನ್ನೂ ಸಾಮಾನಿನ ಪಟ್ಟಿಗೆ ಸೇರಿಸಿದಳು.

ಊಟದ ವಿಷಯದಲ್ಲಿ ಅಮ್ಮನದು ವಾರದ ಲೆಕ್ಕ. ಸೋಮವಾರ, ಶನಿವಾರ ಮೀನು ಮಾಂಸ ಮುಟ್ಟುವುದಿಲ್ಲ, ಮಿಕ್ಕ ದಿನ ಅಭ್ಯಂತರವಿಲ್ಲ. ಅಲ್ಲಿ ತೊಂದರೆ ಬರುವುದು ಮೀನಿನ ಸಾರಿನಿಂದಲ್ಲ, ಕಣ್ಣಿಗೆ ಕಾಣದ ಮೀನಿನಿಂದ. ಉಂಬಲಕಡ ಎಂದು ಮಾಲ್ದೀವ್ಸ್ ಕಡೆಯ ಒಣಮೀನು. ಅದನ್ನು ಕುಟ್ಟಿ ಪುಡಿಮಾಡಿ ತೆಂಗಿನ ಸಂಬೋಲಕ್ಕೂ ತರಕಾರಿ ಪಲ್ಯಕ್ಕೂ ನಾವು ಇಂಗು ಹಾಕುವಷ್ಟೇ ಸಲೀಸಾಗಿ ಹಾಕುತ್ತಾರೆ. ನೋಡಲು ನಮ್ಮ ಕೆಂಪು ಕಾಯಿಚಟ್ನಿಯೇ, ಸೋಮವಾರದ ಕಷ್ಟ ಒಳಗಿರುತ್ತದೆ. ಹಾಗಾಗಿ ಸೋಮವಾರ ಎಲ್ಲಿರುತ್ತೇವೆ, ಅಲ್ಲಿ ತಮಿಳರ ಸಸ್ಯಾಹಾರಿ ಹೋಟೆಲು ಇದೆಯೇ ಎಂದು ನೋಡಿ ದಾರಿ ಗೊತ್ತುಮಾಡಬೇಕಾಯಿತು. ಉಳಿದಂತೆ ಚಿಂತೆಯಿಲ್ಲ. ಬೆಳಗ್ಗೆ ಆಪ್ಪ, ಒತ್ತು ಶ್ಯಾವಿಗೆ, ಬೇಳೆ ಸಾರು. ಮಧ್ಯಾಹ್ನ ಎಳೆ ಹಲಸಿನಕಾಯಿಯ ಪಲ್ಯ. ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಹೆಪ್ಪಾದ ಎಮ್ಮೆ ಮೊಸರು, ಅದರ ಮೇಲೆ ಬೈನೆ ಮರದ ಬೆಲ್ಲದ ಪಾಕ. ಮಲೆನಾಡಿನಲ್ಲಿ ನಾವು ಬೈನೆಯಿಂದ ಹೆಂಡ ಇಳಿಸಿ ಕುಡಿದು ಮುಗಿಸಿದೆವು, ಅವರು ಕಾಯಿಸಿ ಪಾಕ ಮಾಡಿ ದೇಶದ ಹೆಸರಾಗುವಂತೆ ಮಾಡಿದರು. ಬೆಲೆ ನೋಡಿ ಹೆದರಬಾರದು. ಒಂದು ಊಟಕ್ಕೆ ಸಾವಿರದ ಮೇಲೆ ಬರೆದಿರುತ್ತದೆ, ಆದರೆ ನಮ್ಮ ಒಂದು ರೂಪಾಯಿಗೆ ಅವರದು ಮೂರಕ್ಕೂ ಹೆಚ್ಚು. ಭಾಗಾಕಾರ ಮಾಡುವ ಕೆಲಸ ಮಗನಿಗೆ.

ಮಗನ ಲಂಕೆ ಗಾಲೆಯ ಕ್ರಿಕೆಟ್ ಮೈದಾನ. ಒಂದು ಕಡೆ ಸಮುದ್ರ, ಒಂದು ಕಡೆ ಪೋರ್ಚುಗೀಸರು ಶುರುಮಾಡಿ ಡಚ್ಚರು ಬಲಪಡಿಸಿದ ಕೋಟೆ. ಟೆಸ್ಟ್ ಪಂದ್ಯವಾದರೆ ಕೋಟೆಯ ಗೋಡೆಯ ಮೇಲೆ ಕೂತು ನೋಡುವ ಜನ. 2010ರಲ್ಲಿ ಮುರಳೀಧರನ್ ತನ್ನ 800ನೇ ವಿಕೆಟ್ ತೆಗೆದದ್ದು ಅಲ್ಲೇ, ತೆಗೆದದ್ದು ನಮ್ಮವರದ್ದೇ. ನಾವು ಹೋಗುವ ದಿನ ಪಂದ್ಯವಿರುವುದಿಲ್ಲ, ಖಾಲಿ ಮೈದಾನ ನೋಡಲು ಅಷ್ಟು ದೂರವೇ ಎಂದು ಅಮ್ಮ ಕೇಳಿದರು. ಅಶೋಕವನದಲ್ಲೂ ಈಗ ಸೀತೆ ಇಲ್ಲವಲ್ಲ ಅಜ್ಜಿ ಎಂದುಬಿಟ್ಟ. ನಾನು ನಡುವೆ ಬಂದು, ಗಾಲೆಯ ಪಕ್ಕದಲ್ಲೇ ರುಮಸ್ಸಲ ಎಂಬ ಗುಡ್ಡವಿದೆ, ಹನುಮಂತ ಹೊತ್ತು ತಂದ ಸಂಜೀವಿನಿ ಪರ್ವತದ ತುಣುಕು ಬಿದ್ದದ್ದು ಅಲ್ಲಿ ಎನ್ನುತ್ತಾರೆ ಎಂದು ಅಜ್ಜಿ ಮೊಮ್ಮಗನ ಸಂಧಾನ ಮಾಡಿಸಿದೆ. ಇದನ್ನೇ ಯೋಜನೆ ಎನ್ನುವುದು.

ನನ್ನಾಕೆಯ ಬೇಡಿಕೆ ಎಲ್ಲಕ್ಕಿಂತ ಸಣ್ಣದು. ಒಂದು ಇಡೀ ದಿನ ಸಮುದ್ರದ ಎದುರು ಏನೂ ಮಾಡದೆ ಕೂರಬೇಕು. ಅಡುಗೆ ಇಲ್ಲ, ನೋಡುವ ಜಾಗವಿಲ್ಲ, ಯಾರೂ ಅಮ್ಮಾ ಎನ್ನಬಾರದು, ರೀ ಎನ್ನಲು ಅವಳಿಗೂ ಕಾರಣವಿರಬಾರದು. ಪಟ್ಟಿಯಲ್ಲಿ ಆ ದಿನದ ಮನೆಯನ್ನು ಖಾಲಿ ಬಿಟ್ಟೆ. ತೊಂದರೆ ಶುರುವಾದದ್ದು ಅಲ್ಲಿಂದ. ಖಾಲಿ ಜಾಗ ಕಂಡರೆ ನಮ್ಮ ಜನಕ್ಕೆ ತಡೆಯುವುದಿಲ್ಲ, ಬಸ್ಸಿನ ಸೀಟಿಗೆ ಹಾಕಿದಂತೆ ಟವೆಲ್ಲು ಹಾಕಿಬಿಡುತ್ತಾರೆ. ಮಗಳು ಅಲ್ಲಿ ‘ಮಿರಿಸ್ಸ, ತಿಮಿಂಗಿಲ’ ಎಂದು ಪೆನ್ಸಿಲಿನಲ್ಲಿ ಬರೆದಳು. ರಾಯರು ಬಂದಾಗ, “ಇದು ಫ್ರೀ ಇದೆಯಲ್ಲಾ, ಬಾಟಿಕ್ ಫ್ಯಾಕ್ಟರಿ ಹಾಕಿ” ಎಂದರು. ಅಮ್ಮ ಟ್ರಿಂಕೋಮಲಿಯ ಕೋಣೇಶ್ವರನನ್ನು ಸೇರಿಸಿದರು, ಅದು ದ್ವೀಪದ ಆಚೆ ಮಗ್ಗುಲು. ನನ್ನಾಕೆ ದಿನವೂ ರಬ್ಬರು ಹಿಡಿದು ಆ ಮನೆಯನ್ನು ಖಾಲಿ ಮಾಡುತ್ತಾಳೆ. ಏನೂ ಮಾಡದಿರುವುದಕ್ಕೆ ಇಷ್ಟು ದುಡಿಯಬೇಕೆಂದು ಅವಳಿಗೂ ತಿಳಿದಿರಲಿಲ್ಲ.

ನನ್ನ ಲಂಕೆ ಯಾವುದು ಎಂದು ಯಾರೂ ಕೇಳಲಿಲ್ಲ, ಆದ್ದರಿಂದ ಹೇಳುತ್ತೇನೆ. ಅದು ಸಿಗಿರಿಯ. ಬಯಲಿನ ನಡುವೆ ಇನ್ನೂರು ಮೀಟರಿನಷ್ಟು ನೆಟ್ಟಗೆ ಎದ್ದ ಬಂಡೆ, ಅದರ ನೆತ್ತಿಯ ಮೇಲೆ 5ನೇ ಶತಮಾನದ ಅರಮನೆಯ ಅಡಿಪಾಯ. ಕಟ್ಟಿಸಿದವನು ಕಶ್ಯಪ. ಅಪ್ಪ ಧಾತುಸೇನನನ್ನು ಸೆರೆಹಿಡಿದು, ಬಚ್ಚಿಟ್ಟ ಸಂಪತ್ತು ಎಲ್ಲಿ ತೋರಿಸು ಎಂದನಂತೆ. ಮುದುಕ ದೊರೆ ಮಗನ ಕಡೆಯವರನ್ನು ತಾನು ಕಟ್ಟಿಸಿದ ಕಲಾವೆವ ಕೆರೆಗೆ ಕರೆದೊಯ್ದು, ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ತೋರಿಸಿದನಂತೆ, ಇದೇ ನನ್ನ ಆಸ್ತಿ ಎಂದು. ಮಗನಿಗೆ ಅರ್ಥವಾಗಲಿಲ್ಲ, ಅಪ್ಪನನ್ನು ಕೊಲ್ಲಿಸಿದ. ಭಾರತಕ್ಕೆ ಓಡಿದ ತಮ್ಮ ಮೊಗ್ಗಲ್ಲಾನ ಸೇನೆ ಕಟ್ಟಿಕೊಂಡು ಬಂದಾನೆಂಬ ಭಯಕ್ಕೆ ಬಂಡೆ ಹತ್ತಿ ಕೂತ. ಹದಿನೆಂಟು ವರ್ಷ ಆಳಿದ ಮೇಲೆ ತಮ್ಮ ಬಂದೇ ಬಂದ. ಕಶ್ಯಪ ಕೆಳಗಿಳಿದು ಕಾದಲು ಹೋದಾಗ ಅವನ ಆನೆ ಕೆಸರು ಕಂಡು ಪಕ್ಕಕ್ಕೆ ತಿರುಗಿತು, ದೊರೆ ಓಡುತ್ತಿದ್ದಾನೆಂದು ಸೇನೆಯೂ ತಿರುಗಿತು. ಅಲ್ಲಿಗೆ ಮುಗಿಯಿತು. ಕೆರೆ ಇಂದಿಗೂ ಗದ್ದೆಗೆ ನೀರು ಕೊಡುತ್ತಿದೆ, ಅರಮನೆಗೆ ನಾವು ಟಿಕೆಟ್ ಕೊಟ್ಟು ಹತ್ತಬೇಕು.

ನನ್ನನ್ನು ಎಳೆಯುವುದು ಅರಮನೆಯಲ್ಲ, ಅರ್ಧ ದಾರಿಯ ಒಂದು ಗೋಡೆ. ಮೇಲೆ ಬಂಡೆಯ ಪೊಟರೆಯಲ್ಲಿ ಕಶ್ಯಪನ ಕಾಲದ ಚಿತ್ರಗಳು, ಮೋಡದಿಂದ ಎದ್ದುಬಂದ ಹೆಂಗಸರು, ಕೈಯಲ್ಲಿ ಹೂವು. ಕೆಳಗೆ, ಮುಖ ಕಾಣುವಷ್ಟು ನುಣುಪಾಗಿ ಗಾರೆ ಮಾಡಿದ ಗೋಡೆ. ಅರಮನೆ ಹಾಳಾದ ಮೇಲೆ ನೂರಾರು ವರ್ಷ ಜನ ಅದನ್ನು ನೋಡಲು ಬರುತ್ತಲೇ ಇದ್ದರು, ನಮ್ಮ ಹಾಗೆ ಬರೀ ನೋಡಲು. ಚಿತ್ರದ ಹೆಂಗಸರನ್ನು ಕಂಡು ಮರುಳಾಗಿ ಆ ಗೋಡೆಯ ಮೇಲೆ ಪದ್ಯ ಕೆತ್ತಿ ಹೋದರು. ವಿದ್ವಾಂಸ ಸೇನರತ್ ಪರಣವಿತಾನ ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಅಚ್ಚು ಹಾಕಿಸಿದರು. ಈಗ ಕೆತ್ತಿದರೆ ಹಿಡಿದು ಒಳಗೆ ಹಾಕುತ್ತಾರೆ. ಸಾವಿರದ ಇನ್ನೂರು ವರ್ಷದ ಹಿಂದೆ ಬಿಸಿಲಲ್ಲಿ ಏದುಸಿರು ಬಿಡುತ್ತ ಹತ್ತಿ, ನಿಂತು, ಏನೋ ಅನಿಸಿ, ಅನಿಸಿದ್ದನ್ನು ಛಂದಸ್ಸಿಗೆ ಕೂರಿಸುವಷ್ಟು ಪುರುಸೊತ್ತು ಇದ್ದ ಪ್ರವಾಸಿಗರನ್ನು ನಾನು ಒಮ್ಮೆ ನೋಡಬೇಕು. ಅವರ ಅಕ್ಷರವನ್ನಾದರೂ.

ಆದರೆ ಸಿಗಿರಿಯ ಉತ್ತರಕ್ಕೆ, ವಿಮಾನ ನಿಲ್ದಾಣದಿಂದ ಮೂರೂವರೆ ನಾಲ್ಕು ಗಂಟೆ. ಬೆಟ್ಟ, ರೈಲು, ಗಾಲೆ ಎಲ್ಲ ದಕ್ಷಿಣಕ್ಕೆ. ದಿನ ಸಾಲದೆ ಬಂದಾಗ ಮೊದಲು ಕತ್ತರಿ ಬಿದ್ದದ್ದು ಅದಕ್ಕೇ, ಕತ್ತರಿ ಹಿಡಿದಿದ್ದವನು ನಾನೇ ಆದ್ದರಿಂದ ದೂರು ಹೇಳಲೂ ಆಗದು. ಸಂಸಾರದಲ್ಲಿ ಪಟ್ಟಿ ಬರೆಯುವವನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಓಡಾಡಿದೆ. ಆಮೇಲೆ ನನ್ನಾಕೆ ನಕ್ಷೆಯನ್ನು ತನ್ನ ಕಡೆ ತಿರುಗಿಸಿಕೊಂಡು, “ಕೊಲಂಬೊ ಯಾರಿಗೆ ಬೇಕು?” ಎಂದು ಕೇಳಿದಳು. ಯಾರೂ ಕೈ ಎತ್ತಲಿಲ್ಲ. ವಿಮಾನ ಇಳಿಯುವುದು ಕೊಲಂಬೊದಲ್ಲಲ್ಲ, ಅದರ ಉತ್ತರಕ್ಕೆ ಕಟುನಾಯಕದಲ್ಲಿ. ಬೆಳಗಿನ ವಿಮಾನ ಹಿಡಿದರೆ ರಾಜಧಾನಿಯ ಕಡೆ ತಲೆಹಾಕದೆ ನೇರ ಸಿಗಿರಿಯಕ್ಕೇ ಹೋಗಿ ರಾತ್ರಿ ಅಲ್ಲಿ ತಂಗಬಹುದು. ಮಾರನೆಯ ಬೆಳಗ್ಗೆ ಬಂಡೆ ಕಾಯುವ ಮುಂಚೆ ಹತ್ತಿಳಿದು, ಮಧ್ಯಾಹ್ನಕ್ಕೆ ಕ್ಯಾಂಡಿ. ಹೀಗೆ ಒಂದು ದೇಶದ ರಾಜಧಾನಿಯನ್ನು ಮೈಸೂರಿನ ಊಟದ ಮೇಜಿನ ಮೇಲೆ ಅಳಿಸಿದೆವು.

ಕ್ಯಾಂಡಿಯಲ್ಲಿ ಒಂದೇ ಸಂಜೆ, ಸಾಕು. ದಂತದ ದೇವಾಲಯದ ಪಕ್ಕದ ಅರಮನೆಯ ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹ ಮಧುರೆ ಕಡೆಯ ನಾಯಕರ ವಂಶದವನು. 1815ರಲ್ಲಿ ಇಂಗ್ಲಿಷರು ಅವನನ್ನು ಹಿಡಿದು, ಆಮೇಲೆ ವೆಲ್ಲೂರಿನ ಕೋಟೆಗೆ ಸಾಗಿಸಿದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಕೋಟೆಯೇ ಅದು. 1806ರ ವೆಲ್ಲೂರು ದಂಗೆಯಾದ ಮೇಲೆ ಅವರನ್ನು ಕಲ್ಕತ್ತೆಗೆ ಕಳಿಸಿಬಿಟ್ಟಿದ್ದರು, ಇಲ್ಲದಿದ್ದರೆ ಮೈಸೂರಿನವರೂ ಕ್ಯಾಂಡಿಯವರೂ ಅಕ್ಕಪಕ್ಕದ ಮನೆಯವರಾಗುತ್ತಿದ್ದರು. ಇದನ್ನು ಅಲ್ಲಿ ನಿಂತು ಹೇಳುತ್ತೇನೆ ಎಂದು ಈಗಲೇ ಎಚ್ಚರಿಸಿದ್ದೇನೆ. ಆ ಹೊತ್ತಿಗೆ ಮಕ್ಕಳು ಐಸ್‌ಕ್ರೀಮ್ ತರಲು ಹೋಗುವುದೆಂದು ಗೊತ್ತಾಗಿದೆ.

ಇನ್ನು ಉಳಿದದ್ದು ಸಿಗಿರಿಯದ ಟಿಕೆಟ್ಟಿನ ಲೆಕ್ಕ. ಹೊರದೇಶದವರಿಗೆ ದರ ಡಾಲರಿನಲ್ಲಿ, ದುಬಾರಿ. ಸಾರ್ಕ್ ದೇಶದವರು ಪಾಸ್‌ಪೋರ್ಟ್ ತೋರಿಸಿದರೆ ಕಡಿಮೆ. ಸಾರ್ಕ್ ಸಂಸ್ಥೆಯಿಂದ ನನಗೆ ನೇರವಾಗಿ ಆದ ಉಪಕಾರ ಇದೊಂದೇ. ಐವರಿಗೆ ಎಷ್ಟಾಗುತ್ತದೆ ಎಂದು ಮಗನನ್ನು ಕೇಳಿದೆ. ಅವನು ಮೊದಲು, “ಎಷ್ಟು ಮೆಟ್ಟಿಲಪ್ಪ?” ಎಂದ.

“ಸಾವಿರದ ಇನ್ನೂರರ ಹತ್ತಿರ. ಚಾಮುಂಡಿ ಬೆಟ್ಟಕ್ಕಿಂತ ಸ್ವಲ್ಪ ಜಾಸ್ತಿ.” ಕೊನೆಯಲ್ಲಿ ಬಂಡೆಗೆ ಜೋತುಬಿಟ್ಟ ಕಬ್ಬಿಣದ ಮೆಟ್ಟಿಲು, ಕಡಜದ ಗೂಡುಗಳಿವೆ, ಗಲಾಟೆ ಮಾಡಬೇಡಿ ಎಂಬ ಫಲಕ, ಇವನ್ನೂ ಹೇಳಿದೆ. ಹೇಳಬಾರದಿತ್ತು ಎನ್ನುವವರಿದ್ದಾರೆ, ಆದರೆ ಯೋಜನೆಯಲ್ಲಿ ಮುಚ್ಚುಮರೆ ಸಲ್ಲದು.

ಅಮ್ಮ ಮಂಡಿ ನೀವಿಕೊಂಡು, “ಆ ಕಶ್ಯಪನೇನೋ ಹೆದರಿಕೊಂಡು ಹತ್ತಿದ. ನಿನಗೇನಪ್ಪ ಬಂದಿರೋದು? ನಾನು ಕೆಳಗೆ ಯಾವುದಾದ್ರೂ ಅಂಗಡೀಲಿ ಎಳನೀರು ಕುಡೀತಾ ಕೂತಿರ್ತೀನಿ, ನೀವೆಲ್ಲ ಹೋಗಿಬನ್ನಿ” ಎಂದರು.

“ಅಜ್ಜಿ ಒಬ್ರೇ ಹೇಗೆ ಕೂರ್ತಾರೆ? ಭಾಷೆ ಬೇರೆ ಬರಲ್ಲ, ನಾನಿರ್ತೀನಿ” ಎಂದಳು ಮಗಳು. ಎದುರಿನ ಪಿದುರಂಗಲ ಗುಡ್ಡದಿಂದ ಸಿಗಿರಿಯದ ಚಿತ್ರ ಚೆನ್ನಾಗಿ ಬರುತ್ತದೆ, ಸಿಗಿರಿಯದಿಂದ ಸಿಗಿರಿಯ ಕಾಣುವುದಿಲ್ಲ ಎಂಬುದು ಅವಳ ಇನ್ನೊಂದು ವಾದ. ಇಬ್ಬರು ಹೆಂಗಸರನ್ನೇ ಬಿಟ್ಟುಹೋಗುವುದು ಸರಿಯಲ್ಲ, ಜೊತೆಗೆ ಒಬ್ಬ ಗಂಡಸು ಬೇಕು ಎಂದು ಇನ್ನೂ ಮೀಸೆ ಮೂಡದ ಮಗ ಗಂಭೀರವಾಗಿ ಹೇಳಿದ. ನಾನು ನನ್ನಾಕೆಯ ಕಡೆ ನೋಡಿದೆ. ಅವಳು ರಬ್ಬರು ಹಿಡಿದು ತನ್ನ ಖಾಲಿ ದಿನದ ಮನೆಯಿಂದ ತಿಮಿಂಗಿಲವನ್ನು ಉಜ್ಜುತ್ತಿದ್ದಳು.

“ನೀವು ಹೋಗಿಬನ್ನಿ ರೀ” ಎಂದಳು ತಲೆ ಎತ್ತದೆ. “ಫೋಟೋ ತೆಗೆದುಕೊಂಡು ಬನ್ನಿ, ಆ ಗೋಡೇದು.”

ಸಿಗಿರಿಯ, ಟಿಕೆಟ್ ಒಂದು, ಸಾರ್ಕ್ ದರ ಎಂದು ಬರೆದುಕೊಂಡೆ.